ಮನೆಯ ಹಿರಿಯರಿಗೆ ನಿಸ್ತಂತು ಸಾಧನ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ಭಾಷಣ ಮಾಡಿ ರೂಢಿಯಿಲ್ಲ. ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಬಹಳ ಜನ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಕರೆಂಟು ಬಂದರೂ ಹೋದರೂ ಫೋನು ಬರುತ್ತೆ. ಹೋದ ವರ್ಷ ಒಂದು ಬೆಳಗ್ಗೆ ನಾನು ಡೇರಿಗೆ ಹಾಲು ಹಾಕಿ ಹಾಗೇ ತೋಟಕ್ಕೆ ಹೋದೆ. ಹೆಂಡತಿ ಮಕ್ಕಳು ಮದುವೆಗೆ ಹೋಗಿದ್ದರು. ನಾನು ಮನೆಗೆ ಬಂದಾಗ ಹತ್ತು ಗಂಟೆ. ನಮ್ಮವ್ವ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು, ಮೂರು ಗಂಟೆಯಿಂದ ತಣ್ಣನೆ ಕಲ್ಲಿನ ಮೇಲೆ ಬಿದ್ದಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅವತ್ತು ಮೋಟರು ನಿಂತಾಗ ನನಗೆ ಫೋನು ಬಂದಿತ್ತು, ಅವ್ವ ಬಿದ್ದಾಗ ಬರಲಿಲ್ಲ. ಇದು ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಆಮೇಲೆ ವಿಚಾರಿಸಿದೆ. ಜಪಾನಿನ ಜೊಜಿರುಶಿ ಕಂಪನಿಯವರು 2001ರಲ್ಲೇ ಚಹಾದ ಬಿಸಿನೀರಿನ ಪಾತ್ರೆಗೆ ನಿಸ್ತಂತು ಸಾಧನ ಕೂರಿಸಿದ್ದರಂತೆ. ಒಂಟಿ ಮುದುಕರು ಚಹಾಕ್ಕೆ ನೀರು ಬಗ್ಗಿಸಿದರೆ ದೂರದ ಮಕ್ಕಳಿಗೆ ಇ-ಮೇಲ್ ಹೋಗುತ್ತಿತ್ತು. ನೀರು ಬಗ್ಗಿಸಿಲ್ಲ ಅಂತ ಕಂಡರೆ ಮಕ್ಕಳು ವಿಚಾರಿಸಬಹುದು.

ಈಗ ನಮ್ಮಲ್ಲೂ ಇಂಥವು ಸಿಗುತ್ತವೆ. ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ಸಾಧನ, ಬಾಗಿಲು ತೆರೆದದ್ದನ್ನು ತಿಳಿಸುತ್ತದೆ. ಇನ್ನೊಂದು, ಮೈಶಾಖದಿಂದ ಕೋಣೆಯಲ್ಲಿ ಓಡಾಟ ಇದೆಯೇ ಎಂದು ಗುರುತಿಸುತ್ತದೆ. ಮತ್ತೊಂದು ಕೊರಳಿಗೆ ಹಾಕುವ ಗುಂಡಿ. ಒತ್ತಿದರೆ ಮನೆಯೊಳಗಿನ ಪೆಟ್ಟಿಗೆಗೆ ಸಂದೇಶ ಹೋಗಿ, ಅದರಲ್ಲಿರುವ ಸಿಮ್ ಒಬ್ಬರಾದ ಮೇಲೆ ಒಬ್ಬರಿಗೆ ಫೋನು ಮಾಡುತ್ತೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಮೊದಲು ಕ್ಯಾಮೆರಾ ಹಾಕಿಸಿದ. ಅವ್ವ ಅದರ ಮೇಲೆ ಟವೆಲು ಹೊದಿಸಿ, "ನಾನೇನು ಕಳ್ಳಿಯೇನೋ?" ಅಂದಳು. ಅವಳನ್ನು ಕೇಳದೆ ಹಾಕಿದ್ದು ನಮ್ಮ ತಪ್ಪು. ಆಮೇಲೆ ಕೇಳಿಯೇ ಗುಂಡಿ ತಂದೆವು. ಬಚ್ಚಲಿಗೂ ಹಾಕಿಕೊಂಡು ಹೋಗುವಂಥ, ನೀರು ಹೊಗದ ಗುಂಡಿ. ಒಮ್ಮೆ ಅದರ ಸೆಲ್ಲು ಮುಗಿದು ನಾಲ್ಕು ದಿನ ಸುಮ್ಮನಿತ್ತು, ನಾವು ಯಾರೂ ನೋಡಲಿಲ್ಲ. ಈಗ ಪ್ರತಿ ಸೋಮವಾರ ಅವ್ವನೇ ಒತ್ತಿ ಪರೀಕ್ಷೆ ಮಾಡುತ್ತಾಳೆ.

ಈ ಮಳೆಗಾಲದಲ್ಲಿ ತಲೆ ಸುತ್ತಿ ಕುಸಿದಾಗ ಅವ್ವ ಗುಂಡಿ ಒತ್ತಿದಳು. ಮೊದಲ ಫೋನು ನನಗೆ ಬಂತು. ನನ್ನ ಫೋನು ಅಂಗಿಯ ಜೇಬಿನಲ್ಲಿ, ಅಂಗಿ ಮರದ ಕೊಂಬೆಯಲ್ಲಿ! ಎರಡನೆಯದು ತಮ್ಮನಿಗೆ, ಅವನು ಬೆಂಗಳೂರಿನಲ್ಲಿ ಕೂತು ಏನು ಮಾಡಿಯಾನು? ಮೂರನೆಯದು ಪಕ್ಕದ ಮನೆಗೆ. ಆ ತಾಯಿ ಒಲೆ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದರು. ಅವ್ವ ಉಳಿದಳು. ಸಾಧನ ಕೂಗಿ ಕರೆಯಬಹುದು ಅಷ್ಟೆ. ಬಂದು ಎತ್ತುವುದು ಮನುಷ್ಯರ ಕೈ.

ಆದ್ದರಿಂದ ಸಂಘಕ್ಕೆ ನನ್ನದೊಂದು ವಿನಂತಿ. ಒಂಟಿಯಾಗಿರುವ ಹಿರಿಯ ಸದಸ್ಯರ ಪಟ್ಟಿ ಮಾಡೋಣ. ಅವರ ಒಪ್ಪಿಗೆ ಪಡೆದು, ಪ್ರತಿಯೊಬ್ಬರಿಗೂ ನೆರೆಯ ಎರಡು ಮನೆ ಗೊತ್ತು ಮಾಡೋಣ. ಸಾಧನ ಕೊಳ್ಳಲಾಗದವರಿಗೆ ನಮ್ಮ ಹಾಲಿನ ಪುಸ್ತಕವೇ ಸಾಧನ. ದಿನಾ ಹಾಲು ಹಾಕುವ ಅಜ್ಜಿಯ ಹೆಸರಿನ ಮುಂದೆ ಖಾಲಿ ಬಿದ್ದರೆ, ಅವತ್ತೇ ಒಬ್ಬರು ಹೋಗಿ ಬಾಗಿಲು ತಟ್ಟಲಿ. ತುರ್ತಿಗೆ 112, ಹಿರಿಯರ ಸಹಾಯವಾಣಿ 14567, ಇವೆರಡನ್ನೂ ಗೋಡೆಗೆ ಬರೆಸೋಣ.