ಗೊಂಬೆಗೂ ಬೇಕು ದೇಹದ ಭಾರ

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರಿನಲ್ಲಿ ರಚಿಸಿದ ಮನುಷ್ಯ ನಿಂತಿರುವಷ್ಟು ಹೊತ್ತು ನಮ್ಮಂತೆಯೇ ಕಾಣುತ್ತಾನೆ. ನಾಲ್ಕು ಹೆಜ್ಜೆ ನಡೆದೊಡನೆ ಗೊಂಬೆಯೆಂದು ಗೊತ್ತಾಗಿಬಿಡುತ್ತದೆ. ಏಕೆಂದರೆ ಅವನಿಗೆ ರೂಪವಿದೆ, ಭಾರವಿಲ್ಲ. ಆ ಭಾರದ ಲೆಕ್ಕ ಹೇಳುವ ಶಾಸ್ತ್ರವೇ ಬಯೋಮೆಕ್ಯಾನಿಕ್ಸ್, ಅಂದರೆ ಜೈವಿಕ ಯಂತ್ರಶಾಸ್ತ್ರ.

ನೆಟ್ಟಗೆ ನಿಂತವನ ಗುರುತ್ವ ಕೇಂದ್ರ ಹೊಕ್ಕುಳಿನ ತುಸು ಕೆಳಗಿರುತ್ತದೆ. ಅಲ್ಲಿಂದ ನೆಲಕ್ಕೆ ಇಳಿಬಿಟ್ಟ ಗೆರೆ ಪಾದಗಳ ನಡುವಿನ ಜಾಗದೊಳಗೆ ಬಿದ್ದರೆ ಆತ ನಿಲ್ಲುತ್ತಾನೆ, ಹೊರಗೆ ಹೋದರೆ ಬೀಳುತ್ತಾನೆ. ನಮಾಝಿನಲ್ಲಿ ರುಕೂಗೆ ಬಾಗುವಾಗ ನಿಮ್ಮ ಸೊಂಟ ತಾನಾಗಿಯೇ ಹಿಂದೆ ಸರಿಯುವುದನ್ನು ಗಮನಿಸಿದ್ದೀರಾ? ಹಿಮ್ಮಡಿಯನ್ನೂ ಬೆನ್ನನ್ನೂ ಗೋಡೆಗೆ ಒತ್ತಿ ನಿಂತು ಬಾಗಿ ನೋಡಿ, ಮುಗ್ಗರಿಸುತ್ತೀರಿ. ಸೊಂಟ ಸರಿಸದೆ ಪಾತ್ರವನ್ನು ಬಾಗಿಸಿದರೆ ನೋಡುಗನ ಕಣ್ಣಿಗೆ ಅದು ಸುಳ್ಳೆನಿಸುವುದು ಇದಕ್ಕೇ.

ಜಿಗಿತಕ್ಕೂ ಲೆಕ್ಕವಿದೆ. ಅರ್ಧ ಸೆಕೆಂಡು ಗಾಳಿಯಲ್ಲಿರುವ ನರ್ತಕನ ಗುರುತ್ವ ಕೇಂದ್ರ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಸೆಕೆಂಡಿಗೆ 24 ಚಿತ್ರಗಳು ಓಡುವ ಸಿನಿಮಾದಲ್ಲಿ ಇದು 12 ಚಿತ್ರ: ಏರಲು 6, ಇಳಿಯಲು 6. ಅಷ್ಟೇ ಎತ್ತರಕ್ಕೆ 20 ಚಿತ್ರ ಬಳಸಿದರೆ ಆತ ಬಲೂನಿನಂತೆ ತೇಲುತ್ತಾನೆ.

ನೃತ್ಯದಲ್ಲಿ ಸುತ್ತುವುದೂ ಇದೆ. ತುರ್ಕಿಯ ಮೌಲವಿ ಸೂಫಿಗಳು ಎಡಗಾಲನ್ನು ಊರಿ, ಕೈಚಾಚಿ ಸುತ್ತುತ್ತಾರೆ. ಸುತ್ತುವವನು ಕೈ ಮಡಚಿದರೆ ವೇಗ ಹೆಚ್ಚುತ್ತದೆ, ಚಾಚಿದರೆ ತಗ್ಗುತ್ತದೆ. ಇದು ನಿಮ್ಮ ಪಿಯುಸಿ ಪುಸ್ತಕದ ಕೋನೀಯ ಸಂವೇಗದ ನಿಯಮವೇ. ಅವರ ನಿಲುವಂಗಿಯಲ್ಲಿ ಏಳುವ ಅಲೆಗಳ ಆಕಾರಕ್ಕೆ ಕೊರಿಯೊಲಿಸ್ ಬಲ ಅಗತ್ಯವೆಂದು 2013ರಲ್ಲಿ ಭೌತವಿಜ್ಞಾನಿಗಳು ತೋರಿಸಿಕೊಟ್ಟರು.

1995ರಲ್ಲಿ ಅಮೆರಿಕದ ಜೆಸ್ಸಿಕಾ ಹಾಡ್ಜಿನ್ಸ್ ಮತ್ತು ಸಂಗಡಿಗರು ಓಟ, ಸೈಕಲ್ ಸವಾರಿ, ಜಿಮ್ನಾಸ್ಟಿಕ್ಸ್ ಜಿಗಿತಗಳನ್ನು ಭೌತಶಾಸ್ತ್ರದ ನಿಯಮಗಳಿಂದಲೇ ಪರದೆಗೆ ತಂದರು. 2018ರ ‘ಡೀಪ್‌ಮಿಮಿಕ್’ ಸಂಶೋಧನೆಯಲ್ಲಿ ಕಂಪ್ಯೂಟರ್ ಪಾತ್ರಗಳು ಮನುಷ್ಯರ ಚಲನೆಯನ್ನು ಅನುಕರಿಸುತ್ತಾ, ಬಿದ್ದು ಎದ್ದು ಲಾಗ ಹಾಕುವುದನ್ನೂ ಕುಣಿಯುವುದನ್ನೂ ಕಲಿತವು.

ಪ್ರಿಯ ವಿದ್ಯಾರ್ಥಿಗಳೇ, ಆನಿಮೇಷನ್ ಕಲಿಯುತ್ತೇನೆ, ಇನ್ನು ಗಣಿತ ವಿಜ್ಞಾನ ಯಾಕೆ ಎಂದು ಅವುಗಳಿಗೆ ಬೆನ್ನು ಹಾಕಬೇಡಿ. ಪೋಷಕರೇ, ಶುಲ್ಕ ಕಟ್ಟುವ ಮುನ್ನ ಅಲ್ಲಿ ಸಾಫ್ಟ್‌ವೇರ್ ಮಾತ್ರ ಕಲಿಸುತ್ತಾರೆಯೇ, ದೇಹದ ಚಲನೆಯನ್ನೂ ಕಲಿಸುತ್ತಾರೆಯೇ ಎಂದು ವಿಚಾರಿಸಿ. ಸಾಫ್ಟ್‌ವೇರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಬೀಳುವ ವಸ್ತುವಿನ ನಿಯಮ ಹಳತಾಗುವುದಿಲ್ಲ.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ವೃದ್ಧಿಸಲಿ. ಆಮೀನ್.