ಹೃದಯ ಕಲ್ಲಾಗಿದೆಯೇ? ಕಲ್ಲಿನಿಂದಲೂ ನೀರು ಚಿಮ್ಮುತ್ತದೆ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೆ ನಾವೇ ಉಪದೇಶಿಸಿಕೊಳ್ಳುತ್ತಾ, ಬಳಿಕ ನಿಮಗೂ ಅದನ್ನೇ ನೆನಪಿಸುತ್ತೇವೆ.

ಪ್ರಿಯ ಸಹೋದರರೇ, ಕೆಲವು ದಿನಗಳ ಹಿಂದೆ ಇಶಾ ನಮಾಝ್ ಮುಗಿದ ಮೇಲೆ ಯುವಕನೊಬ್ಬ ಮಸೀದಿಯ ಕಂಬದ ಬಳಿ ಒಬ್ಬನೇ ಕುಳಿತಿದ್ದ. ನಾವು ಹತ್ತಿರ ಹೋದಾಗ ಅವನು ಹೇಳಿದ: ‘ಉಸ್ತಾದ್, ನಮಾಝ್ ಮಾಡುತ್ತೇನೆ, ಕುರ್‌ಆನ್ ಓದುತ್ತೇನೆ. ಆದರೆ ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ನನ್ನ ಹೃದಯ ಕಲ್ಲಾಗಿಬಿಟ್ಟಿದೆ. ಇನ್ನು ಇದೆಲ್ಲ ಮಾಡಿ ಏನು ಪ್ರಯೋಜನ?’ ಮಾತು ಮುಂದುವರಿದಾಗ ಇನ್ನೊಂದು ಸಂಗತಿಯೂ ಹೊರಬಂತು. ಮನೆಯ ಪಾಲಿನ ವಿಷಯದಲ್ಲಿ ಜಗಳವಾಗಿ ಎರಡು ವರ್ಷಗಳಿಂದ ಅವನು ಅಣ್ಣನೊಂದಿಗೆ ಮಾತು ಬಿಟ್ಟಿದ್ದ. ಹೆಸರು ಹೇಳದೆ ಇದನ್ನು ಹೇಳಬಹುದೆಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ನಾವು ನಮ್ಮ ಬಗ್ಗೆ ಯೋಚಿಸುವಾಗ ಯಾವುದಾದರೊಂದು ಉಪಮೆಯನ್ನು ಬಳಸುತ್ತೇವೆ. ‘ನನ್ನದು ಬೆಂಕಿಯಂಥ ಸ್ವಭಾವ’, ‘ನಾನು ಒಣಗಿದ ಮರ’, ‘ನನ್ನ ಮನಸ್ಸು ಒಡೆದ ಗಾಜು, ಇನ್ನು ಕೂಡುವುದಿಲ್ಲ’. ಹೀಗೆ ಹೇಳುತ್ತಾ ಹೇಳುತ್ತಾ ಅದನ್ನೇ ತೀರ್ಪೆಂದು ನಂಬಿಬಿಡುತ್ತೇವೆ. ತೌಬಾದ ಬಾಗಿಲನ್ನು ಅಲ್ಲಾಹನು ಮುಚ್ಚಿಲ್ಲ. ನಮ್ಮ ಮಾತಿನಿಂದ ನಾವೇ ಮುಚ್ಚಿಕೊಳ್ಳುತ್ತೇವೆ.

ಪವಿತ್ರ ಕುರ್‌ಆನ್ ಕೂಡ ಮನುಷ್ಯನಿಗೆ ಉಪಮೆಗಳ ಮೂಲಕ ಮಾತನಾಡುತ್ತದೆ. ಈ ಉಪಮೆಗಳನ್ನು ಜನರಿಗಾಗಿ ನೀಡಲಾಗಿದೆ, ಆದರೆ ಅರಿವುಳ್ಳವರು ಮಾತ್ರ ಅವುಗಳನ್ನು ಗ್ರಹಿಸುತ್ತಾರೆ ಎಂದು ಸೂರಃ ಅಲ್ ಅನ್‌ಕಬೂತ್‌ನ 43ನೇ ಸೂಕ್ತ ತಿಳಿಸುತ್ತದೆ. ಆ ಯುವಕ ಬಳಸಿದ ಕಲ್ಲಿನ ಉಪಮೆಯೂ ಕುರ್‌ಆನಿನಲ್ಲಿದೆ. ಸೂರಃ ಅಲ್ ಬಕರದಲ್ಲಿ ಬನೀ ಇಸ್ರಾಈಲರ ಹಸುವಿನ ಪ್ರಸಂಗದ ನಂತರ, 74ನೇ ಸೂಕ್ತದಲ್ಲಿ, ಅವರ ಹೃದಯಗಳು ಕಲ್ಲಿನಂತೆ, ಅದಕ್ಕಿಂತಲೂ ಕಠಿಣವಾದವು ಎನ್ನಲಾಗಿದೆ. ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೇವೆ. ಸೂಕ್ತ ಅಲ್ಲಿಗೆ ನಿಲ್ಲುವುದಿಲ್ಲ. ಕೆಲವು ಕಲ್ಲುಗಳಿಂದ ನದಿಗಳು ಚಿಮ್ಮುತ್ತವೆ, ಕೆಲವು ಬಿರಿದು ಅವುಗಳಿಂದ ನೀರು ಹೊರಬರುತ್ತದೆ, ಇನ್ನು ಕೆಲವು ಅಲ್ಲಾಹನ ಭಯದಿಂದ ಕೆಳಗುರುಳುತ್ತವೆ ಎಂದು ಅದು ಮುಂದುವರಿಯುತ್ತದೆ. ಇದು ಗಂಭೀರ ಎಚ್ಚರಿಕೆ, ಏಕೆಂದರೆ ಕಲ್ಲಿಗಿರುವ ಮೃದುತ್ವವೂ ಇಲ್ಲದ ಹೃದಯಗಳಿವೆ. ಆದರೆ ‘ಕಲ್ಲಾಗಿದ್ದೇನೆ’ ಎಂದು ನೊಂದು ಕುಳಿತವನಿಗೆ ಇದರಲ್ಲಿ ಭರವಸೆಯೂ ಇದೆ: ಕಲ್ಲಿನೊಳಗೂ ನೀರಿರುತ್ತದೆ.

ಸೂರಃ ಅಲ್ ಹದೀದ್‌ನಲ್ಲೂ ಹೀಗೆಯೇ. ವಿಶ್ವಾಸಿಗಳ ಹೃದಯಗಳು ಅಲ್ಲಾಹನ ಸ್ಮರಣೆಗೆ ಮಣಿಯುವ ಕಾಲ ಇನ್ನೂ ಬಂದಿಲ್ಲವೇ ಎಂದು 16ನೇ ಸೂಕ್ತ ಪ್ರಶ್ನಿಸುತ್ತದೆ. ಕಠಿಣವಾದ ಹೃದಯಗಳ ಬಗ್ಗೆ ಎಚ್ಚರಿಸುತ್ತದೆ. ಮರು ಸೂಕ್ತದಲ್ಲೇ, ಸತ್ತ ಭೂಮಿಗೆ ಅಲ್ಲಾಹನು ಜೀವ ಕೊಡುತ್ತಾನೆಂಬುದನ್ನು ನೆನಪಿಸಲಾಗಿದೆ. ಮೇ ತಿಂಗಳಲ್ಲಿ ಬಿರುಕು ಬಿಟ್ಟ ನಮ್ಮ ಗದ್ದೆ, ಗುಡ್ಡಗಳು ನಾಲ್ಕು ಮಳೆಗೆ ಹಸಿರಾಗುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ನೆಲದ ವಿಷಯದಲ್ಲಿ ನಂಬುವ ನಾವು ನಮ್ಮ ಹೃದಯದ ವಿಷಯದಲ್ಲಿ ಏಕೆ ನಿರಾಶರಾಗಬೇಕು?

ಆದರೆ ಭರವಸೆಯೊಂದೇ ಸಾಲದು, ಕಾರಣವನ್ನೂ ಹುಡುಕಬೇಕು. ತಿರ್ಮಿಝಿಯಲ್ಲಿರುವ ಹದೀಸ್ ಒಂದರ ಪ್ರಕಾರ, ದಾಸನು ಪಾಪ ಮಾಡಿದಾಗ ಹೃದಯದಲ್ಲಿ ಒಂದು ಕಪ್ಪು ಚುಕ್ಕೆ ಬೀಳುತ್ತದೆ. ಅದನ್ನು ತೊರೆದು ಕ್ಷಮೆ ಯಾಚಿಸಿದರೆ ಹೃದಯ ಸ್ವಚ್ಛವಾಗುತ್ತದೆ. ಮರಳಿ ಮಾಡಿದರೆ ಚುಕ್ಕೆ ಹರಡುತ್ತಾ ಹೃದಯವನ್ನೇ ಆವರಿಸುತ್ತದೆ. ಸೂರಃ ಅಲ್ ಮುತಫ್ಫಿಫೀನ್‌ನಲ್ಲಿ ಹೇಳಲಾದ ತುಕ್ಕು ಅದೇ. ತುಕ್ಕು ಒಂದೇ ರಾತ್ರಿಯಲ್ಲಿ ಹಿಡಿಯುವುದಿಲ್ಲ, ಒಂದೇ ಒರೆಸಿಗೆ ಹೋಗುವುದೂ ಇಲ್ಲ. ಎಲ್ಲಿ ಹಿಡಿದಿದೆಯೋ ಅಲ್ಲೇ ಉಜ್ಜಬೇಕು. ನಾವು ಆ ಯುವಕನಿಗೆ ಕೇಳಿದೆವು: ‘ನಿನ್ನ ತುಕ್ಕು ಕುರ್‌ಆನ್ ಓದುವ ಜಾಗದಲ್ಲಿದೆಯೋ, ಅಣ್ಣನ ಮನೆಯ ಹೊಸ್ತಿಲಲ್ಲಿದೆಯೋ?’

ಒಬ್ಬ ಮುಸ್ಲಿಮನು ತನ್ನ ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಟ್ಟಿರುವುದು ಸಮ್ಮತವಲ್ಲ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಪಾಲಿನ ಹಕ್ಕು ಕೇಳುವುದು ತಪ್ಪಲ್ಲ. ಅದನ್ನು ಹಿರಿಯರ ಮುಂದೆ, ಶರೀಅತ್‌ನ ಪ್ರಕಾರ ಇತ್ಯರ್ಥ ಮಾಡಿಕೊಳ್ಳಬಹುದು. ಆದರೆ ಸಲಾಮ್‌ಗೂ ಪಾಲಿಗೂ ಗಂಟು ಹಾಕಬಾರದು.

ಸಹೋದರರೇ, ಉಪಮೆಗಳನ್ನು ಬಳಸುವಾಗ ಇನ್ನೊಂದು ಎಚ್ಚರ ಬೇಕು. ನೂತ ಗಟ್ಟಿ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಸ್ತ್ರೀಯ ಉಪಮೆ ಸೂರಃ ಅನ್ನಹ್ಲ್‌ನ 92ನೇ ಸೂಕ್ತದಲ್ಲಿದೆ. ಮಾತು ಕೊಟ್ಟು ಮುರಿಯುವವರಿಗೆ ಅದು ಎಚ್ಚರಿಕೆ. ಅದನ್ನು ಕೇಳಿದ ತಕ್ಷಣ ನಮಗೆ ನೆರೆಮನೆಯವನ ನೆನಪಾಗುತ್ತದೆ! ರಮಝಾನ್‌ನಲ್ಲಿ ಒಂದು ತಿಂಗಳು ಹುರಿಗೊಳಿಸಿದ ಹಗ್ಗವನ್ನು ಶವ್ವಾಲ್‌ನಲ್ಲಿ ಬಿಚ್ಚಿ ಹಾಕಿದವರು ನಾವೇ ಎಂಬುದು ನೆನಪಾಗುವುದಿಲ್ಲ. ವಿಶ್ವಾಸಿಯು ವಿಶ್ವಾಸಿಗೆ ಕನ್ನಡಿ ಎಂದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ಕನ್ನಡಿ ಮುಖದ ಕಲೆಯನ್ನು ಎದುರು ನಿಂತವನಿಗೆ ಮಾತ್ರ ತೋರಿಸುತ್ತದೆ; ಬೀದಿಯಲ್ಲಿ ಹೇಳಿಕೊಂಡು ತಿರುಗುವುದಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದಿಲ್ಲ. ಕುರ್‌ಆನಿನ ಉಪಮೆಗಳೂ ಮೊದಲು ನಮ್ಮ ಮುಖ ನೋಡಿಕೊಳ್ಳಲು ಇರುವ ಕನ್ನಡಿ. ಇನ್ನೊಬ್ಬರ ಮೇಲೆ ಎಸೆಯುವ ಕಲ್ಲಲ್ಲ.

ಹಾಗೆಯೇ ‘ನನ್ನದು ಬೆಂಕಿಯಂಥ ಸ್ವಭಾವ’ ಎನ್ನುವವರಿಗೂ ಒಂದು ಮಾತು. ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪದಲ್ಲಿ ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವವನೇ ಬಲಶಾಲಿ ಎಂಬ ಪ್ರವಾದಿ(ಸ)ರ ಬೋಧನೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಉಪಮೆ ತಪ್ಪಿಸಿಕೊಳ್ಳಲು ಇರುವ ನೆಪವಾಗಬಾರದು. ಮನೆಯಲ್ಲಿ ಮಡದಿ, ಮಕ್ಕಳು ಆ ಬೆಂಕಿಯಲ್ಲಿ ಬೇಯುತ್ತಿರುವಾಗ ‘ನಾನು ಇರುವುದೇ ಹೀಗೆ’ ಎನ್ನುವ ಹಕ್ಕು ನಮಗಿಲ್ಲ.

ಇಂದು ರಾತ್ರಿ ಮಲಗುವ ಮುನ್ನ ಐದು ನಿಮಿಷ ನಮ್ಮನ್ನೇ ಕೇಳಿಕೊಳ್ಳೋಣ. ನಾನು ನನ್ನನ್ನು ಯಾವುದಕ್ಕೆ ಹೋಲಿಸಿಕೊಳ್ಳುತ್ತಿದ್ದೇನೆ? ಆ ಮಾತು ನನ್ನನ್ನು ತೌಬಾದ ಕಡೆಗೆ ಒಯ್ಯುತ್ತಿದೆಯೇ, ನಿರಾಶೆಯ ಕಡೆಗೋ? ತುಕ್ಕು ಹಿಡಿದಿರುವುದು ಎಲ್ಲಿ, ಅಲ್ಲಿ ನಾಳೆ ನಾನು ಮಾಡಬಹುದಾದ ಒಂದು ಕೆಲಸ ಯಾವುದು? ಮನೆಯ ಮಕ್ಕಳನ್ನೂ ‘ನೀನು ಕಲ್ಲು’, ‘ನೀನು ಕತ್ತೆ’ ಎಂದು ಕರೆಯುವುದನ್ನು ಬಿಡೋಣ. ಮಗು ಆ ಹೆಸರನ್ನೇ ನಂಬಿ ಬೆಳೆಯುತ್ತದೆ.

ಆ ಯುವಕ ಮರುದಿನ ಅಸರ್ ಬಳಿಕ ಅಣ್ಣನ ಮನೆಗೆ ಹೋದ. ಮಾತು ಹೆಚ್ಚೇನೂ ನಡೆಯಲಿಲ್ಲವಂತೆ. ಪಾಲಿನ ವಿಷಯ ಇನ್ನೂ ಹಾಗೆಯೇ ಇದೆ. ಆದರೆ ಇವನು ಸಲಾಮ್ ಹೇಳಿದ, ಅಣ್ಣ ಉತ್ತರ ಕೊಟ್ಟ, ಅತ್ತಿಗೆ ಚಹಾ ತಂದಿಟ್ಟರು. ಹಿಂದಿರುಗುವಾಗ ದಾರಿಯಲ್ಲಿ ತನ್ನ ಕಣ್ಣು ತುಂಬಿತೆಂದು ಅವನು ನಮಗೆ ಹೇಳಿದ.

ಹೃದಯಗಳ ಒಡೆಯನಾದ ಅಲ್ಲಾಹನು ನಮ್ಮ ಹೃದಯಗಳನ್ನು ಮೃದುಗೊಳಿಸಲಿ, ಮುರಿದ ಸಂಬಂಧಗಳನ್ನು ಕೂಡಿಸಲಿ, ನಮ್ಮ ತೌಬಾವನ್ನು ಸ್ವೀಕರಿಸಲಿ. ಆಮೀನ್.