ಒಟ್ಟಿಗೆ ಬಿಟ್ಟವರು: ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಧೂಮಪಾನಿಗಳು

ಸಿಗರೇಟು ಅಥವಾ ಬೀಡಿ ಬಿಡುವುದು ಆಯಾ ವ್ಯಕ್ತಿಯ ಮನೋಬಲಕ್ಕೆ ಸೇರಿದ ಸಂಗತಿ, ಬಿಟ್ಟವನು ಗಟ್ಟಿಗ, ಬಿಡಲಾರದವನು ದುರ್ಬಲ ಎಂಬ ತಿಳಿವಳಿಕೆ ಸಾಮಾನ್ಯರಲ್ಲಿ ಮಾತ್ರವಲ್ಲ, ವೈದ್ಯರಲ್ಲಿಯೂ ಬಹುಕಾಲ ಬೇರೂರಿತ್ತು. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒರೆಹಚ್ಚಿ ನೋಡಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ ದಾಖಲೆಗಳು ಅಪರೂಪದ ಅವಕಾಶವನ್ನು ಒದಗಿಸಿವೆ. ಬಾಸ್ಟನ್ ನಗರಕ್ಕೆ ಪಶ್ಚಿಮದಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಈ ಪಟ್ಟಣದ 5,209 ವಯಸ್ಕರನ್ನು ಹೃದ್ರೋಗದ ಕಾರಣಗಳ ಶೋಧಕ್ಕಾಗಿ 1948ರಿಂದ ನಿಯತವಾಗಿ ತಪಾಸಣೆ ಮಾಡುತ್ತ ಬರಲಾಯಿತು. 1971ರಲ್ಲಿ ಅವರ ಮಕ್ಕಳನ್ನೂ ಆ ಮಕ್ಕಳ ಪತಿ ಪತ್ನಿಯರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಧೂಮಪಾನವು ಹೃದಯಕ್ಕೆ ಅಪಾಯಕಾರಿ ಎಂಬುದನ್ನು ಆಧಾರಸಹಿತವಾಗಿ ತೋರಿಸಿದ ಮೊದಲ ಅಧ್ಯಯನಗಳಲ್ಲಿ ಇದೂ ಒಂದು.

ಬಿಡುವುದು ಕಷ್ಟವೇಕೆಂಬುದಕ್ಕೆ ದೇಹದೊಳಗಿನ ಕಾರಣವೊಂದು ಇದ್ದೇ ಇದೆ. ಹೊಗೆಯೊಡನೆ ಶ್ವಾಸಕೋಶವನ್ನು ಸೇರುವ ನಿಕೋಟಿನ್ ಎಂಬ ರಾಸಾಯನಿಕವು ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ, ಅಲ್ಲಿನ ನರಕೋಶಗಳ ಮೇಲಿರುವ ಗ್ರಾಹಕಗಳಿಗೆ, ಅಂದರೆ ರಾಸಾಯನಿಕ ಸಂದೇಶಗಳನ್ನು ಬರಮಾಡಿಕೊಳ್ಳುವ ಸೂಕ್ಷ್ಮ ರಚನೆಗಳಿಗೆ, ಅಂಟಿಕೊಂಡು ಡೋಪಮಿನ್ ಎಂಬ ಹಿತಾನುಭವದ ರಸವನ್ನು ಸ್ರವಿಸುವಂತೆ ಮಾಡುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ಮತ್ತೆ ಸೇದಬೇಕೆಂಬ ತುಡಿತ ಹುಟ್ಟುತ್ತದೆ. ಸೇದದೆ ಹೋದರೆ ಸಿಡುಕು, ಚಡಪಡಿಕೆ, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಅತಿಯಾದ ಹಸಿವು ಮೊದಲಾದ ತೊಂದರೆಗಳು ತಲೆದೋರುತ್ತವೆ. ವಿರತಿಯ ಲಕ್ಷಣಗಳೆಂದು ಕರೆಯಲಾಗುವ ಇವು ಮೊದಲ ಎರಡು ಮೂರು ದಿನಗಳಲ್ಲಿ ತೀವ್ರವಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಮುಟ್ಟದೆ ಉಳಿಯುವವರು ಮೂರರಿಂದ ಐದು ಮಂದಿ ಮಾತ್ರ. ನಿಕೋಟಿನ್ ಇರುವ ಚ್ಯೂಯಿಂಗ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಈ ಪ್ರಮಾಣ ಸುಮಾರು ಒಂದೂವರೆ ಪಟ್ಟಾಗುತ್ತದೆ. ಇದು ಕಡೆಗಣಿಸುವಂಥ ಲಾಭವಲ್ಲ. ಆದರೂ ಶರೀರದ ತೊಂದರೆ ನಾಲ್ಕು ವಾರಗಳಲ್ಲಿ ಮುಗಿಯುವುದಾದರೆ, ನಾಲ್ಕೈದು ತಿಂಗಳು ಬಿಟ್ಟಿದ್ದವರು ಮತ್ತೆ ಏಕೆ ಹಚ್ಚುತ್ತಾರೆ ಎಂಬ ಪ್ರಶ್ನೆಗೆ ಉತ್ತರವನ್ನು ರಕ್ತದಲ್ಲಷ್ಟೇ ಹುಡುಕಿದರೆ ಸಾಲದು.

ಉತ್ತರದ ಒಂದು ಭಾಗ ಫ್ರೇಮಿಂಗ್‌ಹ್ಯಾಮಿನ ಕಚೇರಿ ಕಾಗದಗಳಲ್ಲಿ ಅಡಗಿತ್ತು. ಮುಂದಿನ ತಪಾಸಣೆಯ ವೇಳೆಗೆ ಯಾರೂ ಕೈತಪ್ಪಿ ಹೋಗಬಾರದೆಂದು ಅಲ್ಲಿನ ಸಿಬ್ಬಂದಿ ಪ್ರತಿಯೊಬ್ಬರ ಬಂಧುಗಳು, ಒಬ್ಬ ಆಪ್ತ ಸ್ನೇಹಿತ, ಕೆಲಸದ ಸ್ಥಳ, ಮನೆಯ ವಿಳಾಸ ಇವನ್ನೆಲ್ಲ ಕೈಬರಹದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹಾಗೆ ಹೆಸರಿಸಲ್ಪಟ್ಟವರಲ್ಲಿ ಅನೇಕರು ಅದೇ ಅಧ್ಯಯನದಲ್ಲಿ ಇದ್ದವರೇ ಆದುದರಿಂದ, ವೈದ್ಯ ಹಾಗೂ ಸಮಾಜಶಾಸ್ತ್ರಜ್ಞ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ರಾಜ್ಯಶಾಸ್ತ್ರಜ್ಞ ಜೇಮ್ಸ್ ಫೌಲರ್ ಈ ಹಾಳೆಗಳ ನೆರವಿನಿಂದ 12,067 ಜನರ ಸಾಮಾಜಿಕ ಜಾಲವನ್ನು, ಎಂದರೆ ಯಾರು ಯಾರಿಗೆ ಯಾವ ಸಂಬಂಧದಿಂದ ಹೆಣೆದುಕೊಂಡಿದ್ದಾರೆ ಎಂಬ ನಕ್ಷೆಯನ್ನು, ರಚಿಸಿ, 1971ರಿಂದ 2003ರವರೆಗೆ ಅದರೊಳಗೆ ಧೂಮಪಾನ ಹೇಗೆ ಇಳಿಯಿತೆಂಬುದನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು.

ಪತಿ ಪತ್ನಿಯರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇಕಡಾ 67ರಷ್ಟು ಕಡಿಮೆಯಾಗುತ್ತಿತ್ತು. ಸ್ನೇಹಿತ ಬಿಟ್ಟರೆ ಶೇಕಡಾ 36ರಷ್ಟು, ಚಿಕ್ಕ ಸಂಸ್ಥೆಯಲ್ಲಿ ಜೊತೆಗೆ ದುಡಿಯುವವರು ಬಿಟ್ಟರೆ ಶೇಕಡಾ 34ರಷ್ಟು, ಒಡಹುಟ್ಟಿದವರು ಬಿಟ್ಟರೆ ಶೇಕಡಾ 25ರಷ್ಟು. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರಿಗಿಂತ ಗೆಳೆಯನ ಮತ್ತು ಸಹೋದ್ಯೋಗಿಯ ಪ್ರಭಾವ ಹೆಚ್ಚಾಗಿರುವುದು ಗಮನಾರ್ಹ. ಇದಕ್ಕಿಂತಲೂ ವಿಚಾರಕ್ಕೆ ಹಚ್ಚುವ ಅಂಶವೆಂದರೆ, ಊರಿನಲ್ಲಿ ಸೇದುವವರ ಒಟ್ಟು ಸಂಖ್ಯೆ ಮೂರು ದಶಕಗಳಲ್ಲಿ ಬಹುವಾಗಿ ಇಳಿದರೂ ಉಳಿದ ಧೂಮಪಾನಿಗಳ ಗುಂಪುಗಳು ಗಾತ್ರದಲ್ಲಿ ಮೊದಲಿನಷ್ಟೇ ಇದ್ದವು. ಒಬ್ಬೊಬ್ಬರೇ ಅಲ್ಲಲ್ಲಿ ಬಿಟ್ಟಿದ್ದರೆ ಗುಂಪುಗಳು ಸವೆದು ಚಿಕ್ಕವಾಗಬೇಕಿತ್ತು. ಹಾಗಾಗದೆ ಇದ್ದುದರಿಂದ, ಪರಸ್ಪರ ಪರಿಚಯವೂ ಇಲ್ಲದವರನ್ನೊಳಗೊಂಡ ಇಡೀ ಗುಂಪುಗಳೇ ಹೆಚ್ಚುಕಡಿಮೆ ಒಟ್ಟಿಗೆ ಬಿಟ್ಟವೆಂದು ಸಂಶೋಧಕರು ತೀರ್ಮಾನಿಸಿದರು.

ಈ ತೀರ್ಮಾನಕ್ಕೆ ಸಂಖ್ಯಾಶಾಸ್ತ್ರಜ್ಞರು ಎತ್ತಿದ ಆಕ್ಷೇಪ ತೂಕವುಳ್ಳದ್ದು. ಜನ ತಮ್ಮಂಥವರನ್ನೇ ಸ್ನೇಹಿತರನ್ನಾಗಿ ಆರಿಸಿಕೊಳ್ಳುವುದರಿಂದ, ಇಬ್ಬರು ಒಟ್ಟಿಗೆ ಬಿಟ್ಟದ್ದು ಒಬ್ಬರ ಪ್ರಭಾವದಿಂದಲೋ ಇಬ್ಬರಿಗೂ ಮೊದಲೇ ಇದ್ದ ಸಮಾನ ಮನೋಭಾವದಿಂದಲೋ ಎಂಬುದನ್ನು ಇಂಥ ಅಂಕಿಅಂಶಗಳಿಂದ ಸಂಪೂರ್ಣವಾಗಿ ಬಿಡಿಸಿ ಹೇಳಲಾಗದು ಎಂಬುದು ಅವರ ವಾದ. ಅಂಕಿಗಳನ್ನು ಈ ಎಚ್ಚರದಿಂದಲೇ ಓದಬೇಕು. ಆದರೆ ತೆರಿಗೆ, ಜಾಹೀರಾತು, ಹತ್ತಿರದ ಅಂಗಡಿ ಮುಂತಾದ ಸುತ್ತಲಿನ ಕಾರಣಗಳೇ ಎಲ್ಲವನ್ನೂ ನಡೆಸಿದ್ದರೆ ಪಕ್ಕದ ಮನೆಯವರಲ್ಲಿಯೂ ಅದೇ ಪರಿಣಾಮ ಕಾಣಬೇಕಾಗಿತ್ತು. ಕೇವಲ ನೆರೆಹೊರೆಯಾಗಿದ್ದವರಲ್ಲಿ ಅದು ಕಾಣಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಿಂತ ಮನಸ್ಸಿಗೆ ಹತ್ತಿರವಾದ ಸಂಬಂಧ ಮುಖ್ಯವಾಗಿತ್ತು.

ಅದೇ ನಕ್ಷೆಯಲ್ಲಿ ಸಂಕಟಪಡಿಸುವ ಸಂಗತಿಯೂ ಇದೆ. 1971ರಲ್ಲಿ ಜಾಲದ ನಡುವೆಯೇ ಇದ್ದ ಧೂಮಪಾನಿಗಳು ವರ್ಷ ಕಳೆದಂತೆ ಅದರ ಅಂಚಿಗೆ ಸರಿದರು, ಅಂದರೆ ಅವರ ಸಂಬಂಧಗಳು ಕಡಿಮೆಯಾಗಿ, ಮಿಕ್ಕವು ಬಹುಮಟ್ಟಿಗೆ ತಮ್ಮಂತೆಯೇ ಸೇದುವವರೊಡನೆ ಉಳಿದವು. ಓದಿದ ಸ್ನೇಹಿತರ ನಡುವೆ ಪರಸ್ಪರ ಪ್ರಭಾವ ಹೆಚ್ಚು, ಕಡಿಮೆ ಓದಿದವರಲ್ಲಿ ಕಡಿಮೆ ಎಂಬುದನ್ನೂ ಇದರೊಡನೆ ಸೇರಿಸಿ ನೋಡಿದರೆ, ಬಿಡುವ ಅಲೆ ಅನುಕೂಲವಂತರನ್ನು ದಡಕ್ಕೆ ಸೇರಿಸಿ, ನೆರವು ಹೆಚ್ಚು ಬೇಕಾದವರನ್ನೇ ಹಿಂದೆ ಬಿಟ್ಟಿತೆಂದು ಹೇಳಬೇಕಾಗುತ್ತದೆ. ಧೂಮಪಾನಿಯನ್ನು ನಾಚಿಕೆಪಡಿಸಿ ದೂರವಿಡುವ ಪ್ರಚಾರವು ಅವನನ್ನು ಆ ಅಂಚಿಗೆ ಇನ್ನಷ್ಟು ತಳ್ಳುತ್ತದೆಯೇ ಹೊರತು ಬಿಡಿಸುವ ಸಂಬಂಧಗಳ ಬಳಿಗೆ ತರುವುದಿಲ್ಲ.

ಭಾರತಕ್ಕೆ ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡು ಬರುವಂತಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸೇದುವವರಲ್ಲಿ ಶೇಕಡಾ 55ರಷ್ಟು ಜನ ಬಿಡುವ ಯೋಚನೆಯಲ್ಲಿದ್ದರು, ಶೇಕಡಾ 38ಕ್ಕೂ ಹೆಚ್ಚು ಜನ ಹಿಂದಿನ 12 ತಿಂಗಳಲ್ಲಿ ಪ್ರಯತ್ನವನ್ನೂ ಮಾಡಿದ್ದರು. ಆದ್ದರಿಂದ ಇಲ್ಲಿ ಕೊರತೆ ಇಚ್ಛೆಯದಲ್ಲ. ಆದರೆ ಫ್ರೇಮಿಂಗ್‌ಹ್ಯಾಮಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇದುತ್ತಿದ್ದ ಮನೆಗಳು ಸಾಮಾನ್ಯವಾಗಿದ್ದವು. ಕರ್ನಾಟಕದಲ್ಲಿ ಸೇದುವ ಹೆಂಗಸರು ವಿರಳ. ಹೀಗಿರುವಾಗ ಅಲ್ಲಿ ಎಲ್ಲಕ್ಕಿಂತ ಬಲವಾಗಿದ್ದ ದಾಂಪತ್ಯದ ಕೊಂಡಿ ಇಲ್ಲಿ ಅದೇ ರೀತಿ ಕೆಲಸಮಾಡಲಾರದು, ಏಕೆಂದರೆ ಜೊತೆಯಲ್ಲಿ ಬಿಡಲು ಹೆಂಡತಿ ಸೇದುವವಳೇ ಅಲ್ಲ. ಅವಳು ಬೇಡುತ್ತಾಳೆ, ಗದರುತ್ತಾಳೆ, ಮಕ್ಕಳ ಮೇಲೆ ಆಣೆ ಹಾಕಿಸುತ್ತಾಳೆ. ಅವನು ಮನೆಯೊಳಗೆ ಬಿಟ್ಟು ಹೊರಗೆ ಸೇದುತ್ತಾನೆ. ಬೀಡಿ ಹಂಚಿಕೊಳ್ಳುವ ಜಾಗ ಚಹಾದಂಗಡಿ, ಆಟೋ ನಿಲ್ದಾಣ, ಕಟ್ಟಡದ ಕೆಲಸದ ಸ್ಥಳ, ಹೊಲದ ಬದು; ಅಲ್ಲಿ ಬೆಂಕಿಪೊಟ್ಟಣ ನೀಡುವವನೇ ಬಿಡುವ ಮಾತನ್ನೂ ಎತ್ತಿದರೆ ಅದಕ್ಕೆ ಮನೆಯ ಮಾತಿಗಿಲ್ಲದ ಶಕ್ತಿ ಇರಬಹುದೆಂದು ಊಹಿಸಲು ಅವಕಾಶವಿದೆ.

ತಂಬಾಕಿನ ಪೊಟ್ಟಣಗಳ ಮೇಲೆ 2018ರ ಸೆಪ್ಟೆಂಬರಿನಿಂದ ಅಚ್ಚಾಗುತ್ತಿರುವ 1800-11-2356 ಎಂಬ ಉಚಿತ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. ಬಿಡುವ ದಿನವೊಂದನ್ನು ಗೊತ್ತುಮಾಡಿಸಿ, ಆಮೇಲೂ ಆಪ್ತಸಲಹೆಗಾರರು ತಾವಾಗಿಯೇ ಕರೆಮಾಡಿ ವಿಚಾರಿಸುತ್ತಾರೆ. ಈ ಸೇವೆ ಒಂಟಿಯಾಗಿ ಕರೆಮಾಡುವ ವ್ಯಕ್ತಿಯನ್ನು ಉದ್ದೇಶಿಸಿದ್ದು. ಆದರೂ ಒಂದೇ ನಿಲ್ದಾಣದ ನಾಲ್ವರು ಚಾಲಕರೋ ಒಂದೇ ಮೇಸ್ತ್ರಿಯ ಕೈಕೆಳಗಿನ ಕೆಲಸಗಾರರೋ ತಮ್ಮೊಳಗೆ ಮಾತಾಡಿಕೊಂಡು ಒಂದೇ ದಿನವನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಅದರಲ್ಲಿ ಯಾವ ಅಡ್ಡಿಯೂ ಇಲ್ಲ.